ಮಗುವಿನ ಬಾಯಿಯಲ್ಲಿ ಬೈಗುಳ

ಮೂರು ವರ್ಷದ ಕಂದ ಹೊಲಸು ಮಾತೊಂದನ್ನು ತೊದಲಿದರೆ ಮನೆಮಂದಿ ನಗುತ್ತಾರೆ. ನೆಂಟರ ಮುಂದೆ ಇನ್ನೊಮ್ಮೆ ಹೇಳಿಸುವವರೂ ಇದ್ದಾರೆ! ಹತ್ತರ ವಯಸ್ಸಿನಲ್ಲಿ ಅವನು ಅದನ್ನೇ ಆಡಿದರೆ ಬಾಯಿಗೆ ಮೆಣಸಿನ ಹುಡಿಯ ಬೆದರಿಕೆ. ಮಗು ಇದರಿಂದ ಏನನ್ನು ಕಲಿಯಬೇಕು?

ತಂದೆ ತಾಯಂದಿರೇ, ಬೈಗುಳ ಬೀದಿಯಿಂದಲೇ ಬಂತೆಂದು ತೀರ್ಮಾನಿಸುವ ಮುನ್ನ ನಿಮ್ಮ ಮಾತುಗಳಿಗೇ ಕಿವಿಗೊಡಿ. ಮಗನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುವಾಗ ಅಡ್ಡ ಬಂದ ರಿಕ್ಷಾದವನಿಗೆ ಏನೆಂದಿರಿ? ನಾಲಿಗೆ ಜಾರಿದರೆ ಮಗುವಿನ ಮುಂದೆಯೇ ‘ಅಸ್ತಗ್‌ಫಿರುಲ್ಲಾಹ್’ ಎನ್ನಿರಿ. ಅದರಲ್ಲಿ ಅವಮಾನವೇನಿಲ್ಲ.

ಅನಸ್(ರ) ಪ್ರವಾದಿವರ್ಯರ(ಸ) ಸೇವೆಗೆ ಬಂದಾಗ ಸುಮಾರು ಹತ್ತು ವರ್ಷದ ಬಾಲಕ. ಹತ್ತು ವರ್ಷ ಜೊತೆಗಿದ್ದರೂ ‘ಛೆ’ ಎಂಬ ಮಾತನ್ನೂ ಕೇಳಲಿಲ್ಲವೆಂದು ಅವರು ಸ್ಮರಿಸಿದ್ದಾರೆ. ಯಾರನ್ನಾದರೂ ಗದರಿಸಬೇಕಾದರೆ, ಅವನ ಹಣೆಗೆ ಮಣ್ಣು ಮೆತ್ತಲಿ ಎಂಬಷ್ಟೇ ಮಾತು ಪ್ರವಾದಿವರ್ಯರಿಂದ(ಸ) ಬರುತ್ತಿತ್ತು. ಕೋಪಕ್ಕೂ ಒಂದು ಮಾತು ಬೇಕಲ್ಲವೇ? ಮಕ್ಕಳಿಗೆ ಅಂತಹ ನಿರಪಾಯದ ಮಾತೊಂದನ್ನು ಕೊಡಿ.

ಪುಟ್ಟ ಮಗುವಿಗೆ ಬೈಗುಳದ ಅರ್ಥ ತಿಳಿಯದು. ನಗಬೇಡಿ, ಹೌಹಾರಬೇಡಿ. ನಮ್ಮ ಮನೆಯಲ್ಲಿ ಹೀಗೆ ಹೇಳುವುದಿಲ್ಲವೆಂದು ತಿಳಿಸಿ ಮಾತು ಬದಲಿಸಿ.

ದೊಡ್ಡವನನ್ನು ಪಕ್ಕದಲ್ಲಿ ಕುಳ್ಳಿರಿಸಿ ಬುಖಾರಿಯ ಹದೀಸೊಂದನ್ನು ತಿಳಿಸಿ. ಸ್ವಂತ ತಂದೆತಾಯಿಯನ್ನು ಶಪಿಸುವುದು ಮಹಾಪಾಪವೆಂದು ಪ್ರವಾದಿವರ್ಯರು(ಸ) ಹೇಳಿದಾಗ, ಹಾಗೂ ಯಾರಾದರೂ ಮಾಡುತ್ತಾರೆಯೇ ಎಂದು ಜೊತೆಗಿದ್ದವರು ಕೇಳಿದರು. ಇನ್ನೊಬ್ಬನ ತಂದೆಯನ್ನು ಬೈದರೆ ಅವನು ಇವನ ತಂದೆತಾಯಿಯನ್ನು ಬೈಯುತ್ತಾನೆ ಎಂಬ ಉತ್ತರ ಬಂತು. ನಮ್ಮ ಬೀದಿಯ ಬೈಗುಳಗಳಲ್ಲಿ ಎಷ್ಟೋ ತಾಯಿಯ ಮೇಲೆಯೇ ಇವೆ. ಆಟದ ಜಗಳದಲ್ಲಿ ಗೆಳೆಯನ ತಾಯಿಯನ್ನು ಎಳೆದು ತಂದ ಹುಡುಗನಿಗೆ, ಮರುಮಾತಿನಲ್ಲಿ ತನ್ನ ಉಮ್ಮನ ಹೆಸರೇ ಬಂದದ್ದು ಚೆನ್ನಾಗಿ ನೆನಪಿರುತ್ತದೆ. ಅವನಿಗೆ ಮೆಣಸಿನ ಹುಡಿ ಬೇಕಾಗದು.