ಇಂದಿನ ಧಮ್ಮ ಚಿಂತನೆ: ಚಪ್ಪಾಳೆ ನಿಂತ ಮೇಲೆ



ಕಾಪು, ಕಾರ್ಕಳದ ಕಡೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ಇದ್ದರೆ ನಾನೂ ಹೋಗಿ ಕೂರುವವನೇ. ಹೆರ್ಮುಂಡೆಯ ಮಮತಾ ಪೂಜಾರಿಯವರಿಗೆ 2014ರಲ್ಲಿ ಅರ್ಜುನ ಪ್ರಶಸ್ತಿ ಬಂದದ್ದು ನಮಗೆಲ್ಲ ಹೆಮ್ಮೆ. ನಮ್ಮ ಎಷ್ಟೋ ಮಕ್ಕಳಿಗೆ ಕ್ರೀಡಾ ಕೋಟಾದ ನೌಕರಿಯ ಆಸೆ ಇರುವುದೂ ಈ ಆಟದಲ್ಲೇ. ಆದ್ದರಿಂದ ಆಟ ಬೇಡ ಎನ್ನುತ್ತಿಲ್ಲ. ಆಟ ಮುಗಿಸಿ ಮನೆಗೆ ಬಂದವರ ಬಗ್ಗೆ ನಮ್ಮ ಹೊಣೆ ಏನು ಎಂಬುದಷ್ಟೇ ನನ್ನ ಪ್ರಶ್ನೆ.

ತಲೆಗೆ ಪೆಟ್ಟು ಬಿದ್ದಾಗ ಬುರುಡೆಯೊಳಗೆ ಮೆದುಳು ಅಲುಗುತ್ತದೆ. ಪ್ರಜ್ಞೆ ತಪ್ಪಿಸದ ಪೆಟ್ಟುಗಳೂ ವರ್ಷಗಟ್ಟಲೆ ಬಿದ್ದರೆ ಹಾನಿ ಮಾಡಬಲ್ಲವು. ಬಾಕ್ಸರ್‌ಗಳಲ್ಲಿ ಇದನ್ನು ವೈದ್ಯರು 1928ರಲ್ಲೇ ಗುರುತಿಸಿದ್ದರು. ಅಮೆರಿಕನ್ ಫುಟ್‌ಬಾಲ್ ಆಟಗಾರ ಮೈಕ್ ವೆಬ್‌ಸ್ಟರ್ 2002ರಲ್ಲಿ 50ರ ವಯಸ್ಸಿಗೇ ತೀರಿಕೊಂಡಾಗ, ಡಾ. ಬೆನೆಟ್ ಒಮಾಲು ಅವರ ಮೆದುಳನ್ನು ಪರೀಕ್ಷಿಸಿ ಇಂಥದೇ ರೋಗ ಕಂಡರು. ಇಂಗ್ಲೆಂಡಿನ ಸ್ಟೀವ್ ಥಾಂಪ್ಸನ್, 2003ರಲ್ಲಿ ತಾವು ಗೆದ್ದ ರಗ್ಬಿ ವಿಶ್ವಕಪ್ ನೆನಪೇ ಇಲ್ಲ ಎಂದು 2020ರಲ್ಲಿ ಹೇಳಿದರು. ಕಬಡ್ಡಿಯಲ್ಲೂ ಮೊಣಕಾಲು ತಲೆಗೆ ಬಡಿಯುವುದನ್ನು ನಾವು ನೋಡಿದ್ದೇವೆ.

ಇಂಥ ಹಾನಿ ಆಟ ಬಿಟ್ಟು ಎಷ್ಟೋ ವರ್ಷದ ಮೇಲೆ ತಲೆದೋರುತ್ತದೆ: ಮರೆವು, ಸಿಡುಕು, ಖಿನ್ನತೆ. ಆಗ ಊರಿನವರು "ಅವನ ಕರ್ಮ" ಎಂದುಬಿಡುತ್ತಾರೆ. ಹಿಂದಿನ ಜನ್ಮದ ಕರ್ಮ ಎಂಬ ಮಾತು ಸಮಾಜವನ್ನು ಹೊಣೆಯಿಂದ ಪಾರುಮಾಡುವ ಉಪಾಯ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ತಿಳಿಸಿದ್ದಾರೆ. ದುಃಖಕ್ಕೆ ಕಾರಣವನ್ನು ಕಣ್ಣೆದುರಿನ ಬದುಕಿನಲ್ಲೇ ಹುಡುಕಬೇಕು.

"ಅವನೇ ಆಸೆಪಟ್ಟು ಆಡಿದ್ದಲ್ಲವೇ?" ಎಂದೂ ಕೇಳುವವರಿದ್ದಾರೆ. ವಿನಯಪಿಟಕದ ಒಂದು ಪ್ರಸಂಗ ನೆನೆಯೋಣ. ಹೊಟ್ಟೆಯ ಕಾಯಿಲೆಯ ಭಿಕ್ಷುವೊಬ್ಬ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಅವನಿಂದ ತಮಗೇನೂ ಉಪಕಾರವಾಗಿಲ್ಲವೆಂದು ಉಳಿದ ಭಿಕ್ಷುಗಳು ಆರೈಕೆ ಮಾಡಿರಲಿಲ್ಲ. ಭಗವಾನರು ನೀರು ಹೊಯ್ದರು, ಆನಂದರು ತೊಳೆದರು. ಭಗವಾನರು ತಲೆಯ ಕಡೆ, ಆನಂದರು ಕಾಲ ಕಡೆ ಹಿಡಿದೆತ್ತಿ ಮಂಚದ ಮೇಲೆ ಮಲಗಿಸಿದರು. ಅವನಿಂದ ಏನು ಲಾಭ ಎಂಬ ಲೆಕ್ಕ ಅಲ್ಲಿ ಬರಲೇ ಇಲ್ಲ. ಗೆದ್ದವನಿಗೂ ಸೋತವನಿಗೂ ಸೇರಬೇಕಾದ ಆರೈಕೆ ಒಂದೇ.

ಇಂದು ಮಾಡಬಹುದಾದದ್ದು: ತಲೆಗೆ ಪೆಟ್ಟಾದ ಹುಡುಗನನ್ನು ಅಂದೇ ಮತ್ತೆ ಮ್ಯಾಟಿಗಿಳಿಸಬೇಡಿ, ವೈದ್ಯರಿಗೆ ತೋರಿಸಿ. ನಿಮ್ಮ ಓಣಿಯ ಹಳೆಯ ಆಟಗಾರರು ಮಾತು ಮರೆಯುತ್ತಿದ್ದರೆ, ಸುಮ್ಮನೆ ಸಿಡುಕುತ್ತಿದ್ದರೆ ದೂರಬೇಡಿ. ಮಣಿಪಾಲದ ನರರೋಗ ತಜ್ಞರಲ್ಲಿಗೆ ಜೊತೆಗೆ ಹೋಗಿ. ಹಿಂದೆ ಆದ ಪೆಟ್ಟುಗಳನ್ನು ಮರೆಯದೆ ತಿಳಿಸಿ. ಅವರಿಗೆ ನೆನಪಿಲ್ಲದಿದ್ದರೂ, ನೋಡಿ ಚಪ್ಪಾಳೆ ತಟ್ಟಿದ ನಮಗೆ ನೆನಪಿರಬೇಕಲ್ಲ.

ಜೈ ಭೀಮ್. ನಮೋ ಬುದ್ಧಾಯ. 🙏