ಸ್ಟ್ರೀಕ್ ಯಾರದು?

ಹೋದ ಡಿಸೆಂಬರ್‌ನಲ್ಲಿ ವಿಮಾನ ಹತ್ತೋ ಮೊದಲು ನನ್ನ ಒಂಬತ್ತು ವರ್ಷದ ಮಗಳಿಗೆ ಇದ್ದ ಚಿಂತೆ ಒಂದೇ. ಮೆಲ್ಬರ್ನ್‌ನಿಂದ ಬೆಂಗಳೂರು ತಲುಪುವಷ್ಟರಲ್ಲಿ ಒಂದು ದಿನ ತಪ್ಪಿಹೋದರೆ? ಕನ್ನಡ ಕಲಿಸುವ ಆ್ಯಪ್‌ನಲ್ಲಿ ಅವಳದು 112 ದಿನಗಳ ಸ್ಟ್ರೀಕ್. ಅಂದರೆ ಒಂದು ದಿನವೂ ಬಿಡದೆ ಪಾಠ ಮುಗಿಸಿದ ಲೆಕ್ಕ. ತಪ್ಪಿದರೆ ಮತ್ತೆ ಸೊನ್ನೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು. ಆ ಸ್ಟ್ರೀಕ್ ಕಾಯುತ್ತಾ ಕೂತ ಮಗು ನೀವೇ ಇರಬಹುದು.

ಊರಿಗೆ ಹೋದ ಎರಡನೇ ದಿನ ಅವಳ ಅಜ್ಜಿ ಅಡುಗೆಮನೆಯಿಂದ ಕರೆದರು. "ಪುಟ್ಟೀ, ಬಾರೇ, ಅವರೆಕಾಳು ಹಿಸುಕೋಣ."

"ಫೈವ್ ಮಿನಿಟ್ಸ್ ಅಜ್ಜಿ, ಕನ್ನಡ ಮಾಡ್ತಿದೀನಿ."

ಹೋಗಿ ನೋಡಿದೆ. ತರಕಾರಿ ಹೆಸರಿಗೆ ಚಿತ್ರ ಹೊಂದಿಸ್ತಾ ಇದ್ದಳು.

ನಗು ಬಂತು, ಆಮೇಲೆ ಹೊಟ್ಟೆಯಲ್ಲಿ ಏನೋ ಕಸಿವಿಸಿ. ಆದರೆ ಆ್ಯಪನ್ನು ಬೈದು ಮುಗಿಸೋಕೆ ನನಗೆ ಮನಸ್ಸಿಲ್ಲ. ವಾರಾಂತ್ಯದ ಕನ್ನಡ ತರಗತಿಯಲ್ಲಿ ಎರಡು ವರ್ಷ ಒತ್ತಕ್ಷರ ಕಲಿಸೋಕೆ ಹೋಗಿ ಸೋತವಳು ನಾನು. ಅದೇ ಒತ್ತಕ್ಷರವನ್ನು ಬೇಜಾರಿಲ್ಲದೆ ಸಾವಿರ ಸಲ ತೋರಿಸಿದ್ದು ಆ ಫೋನು. ಬಸ್ಸಿನ ಬೋರ್ಡು ನೋಡಿ ಅವಳು "ಬ-ನ-ಶಂ-ಕ-ರಿ" ಅಂತ ಜೋರಾಗಿ ಓದಿದಾಗ ಪಕ್ಕದವರು ತಿರುಗಿ ನೋಡಿದರು.

ಹಾಗಾದರೆ ತಪ್ಪೆಲ್ಲಿ? ಅಂಕ, ಪದಕ, ಕಳೆದುಕೊಳ್ಳುವ ಭಯ ತೋರಿಸಿ ಮಗುವನ್ನು ಕಲಿಕೆಗೆ ಎಳೆಯೋದು ಸರಿಯಾ ಅಂತ ನಾವು ಕೇಳ್ತೀವಿ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಪ್ರಕಟಿಸಿದ ಒಂದು ಪ್ರಯೋಗ ಇದೆ. ಸ್ಟ್ಯಾನ್‌ಫರ್ಡ್‌ನ ನರ್ಸರಿ ಶಾಲೆಯಲ್ಲಿ, ಚಿತ್ರ ಬರೆಯೋದು ಅಂದರೆ ಮೊದಲೇ ಇಷ್ಟವಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ "ಬರೆದರೆ ಬಹುಮಾನ ಕೊಡ್ತೀವಿ" ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು, ಕೆಲವರಿಗೆ ಕೊಡಲೇ ಇಲ್ಲ. ಒಂದೆರಡು ವಾರ ಬಿಟ್ಟು, ಬಹುಮಾನದ ಮಾತಿಲ್ಲದೆ ಅದೇ ಪೆನ್ನುಗಳನ್ನು ಮುಂದಿಟ್ಟಾಗ, ಮಾತು ಪಡೆದು ಬರೆದಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಅದರ ಜೊತೆ ಕಳೆದರು. ಆದರೆ ನನ್ನ ಮಗಳಿಗೆ ಕನ್ನಡ ಮೊದಲೇ ಇಷ್ಟವಿತ್ತು ಅಂತ ಹೇಳೋ ಧೈರ್ಯ ನನಗಿಲ್ಲ. ಇಷ್ಟವೇ ಇಲ್ಲದ ಕಡೆ ಬಹುಮಾನ ಒಂದು ಬಾಗಿಲು ತೆಗೆಯಬಹುದು.

ನನ್ನನ್ನು ಚುಚ್ಚಿದ್ದು ಬೇರೆ. ಸ್ಟ್ರೀಕ್ ಎಷ್ಟು ಅಂತ ದಿನಾ ನೋಡ್ತಿದ್ದವಳು ನಾನೂ ಹೌದು. ಯಾರಾದರೂ ಕೇಳಿದರೆ "ದಿನಾ ಕನ್ನಡ ಕಲೀತಾಳೆ" ಅಂತಿದ್ದೆ. ಮನೆಯಲ್ಲಿ ಅವಳ ಜೊತೆ ಇಂಗ್ಲಿಷಲ್ಲೇ ಮಾತಾಡಿ, ಆ ತಪ್ಪಿತಸ್ಥ ಭಾವನೆಯನ್ನು ಆ ಅಂಕಿಗೆ ಒಪ್ಪಿಸಿ ಹಾಯಾಗಿದ್ದೆ. ಆಟ ಮಗುವಿನದು, ಸಮಾಧಾನ ನನ್ನದು. ನಾವು ಕೇಳಬೇಕಾದದ್ದು ಇದನ್ನು ಅನಿಸುತ್ತೆ: ಈ ಲೆಕ್ಕ ಯಾರಿಗೋಸ್ಕರ?

ಆ ವಾರವೇ ಅಜ್ಜಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರ ಬರೆದರು. ಇಪ್ಪತ್ತೈದು ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕು ಬಿದ್ದರೆ ಚೌಕ, ಎಂಟು ಬಿದ್ದರೆ ಬಾರ. ಎದುರಾಳಿಯ ಕಾಯಿ ಕಡೀಬಹುದು, ಕಟ್ಟೆ ಮೇಲಿದ್ದರೆ ಕಡಿಯೋ ಹಾಗಿಲ್ಲ. ನಡುಮನೆ ಸೇರಿದ ಕಾಯಿ ಹಣ್ಣು. ಅಜ್ಜಿಗೆ ಇಂಗ್ಲಿಷ್ ಬರಲ್ಲ, ಆದ್ದರಿಂದ ಜಗಳ ಕನ್ನಡದಲ್ಲೇ ಆಗಬೇಕು. "ಮೋಸ ಅಜ್ಜಿ! ಅದು ಮೂರು, ಎರಡಲ್ಲ!" ನೂರಾ ಹದಿಮೂರು ದಿನದಲ್ಲಿ ಅವಳ ಬಾಯಿಂದ ನಾನು ಕೇಳದ ವಾಕ್ಯ ಅದು. ಆ್ಯಪ್‌ನಲ್ಲಿ ಕನ್ನಡ ಅಂಕ ಪಡೆಯೋಕೆ ಕೊಡುವ ಬೆಲೆ. ಇಲ್ಲಿ ಕನ್ನಡ ಇಲ್ಲದೆ ಕಾಯಿ ಮುಂದೆ ಹೋಗೋದೇ ಇಲ್ಲ.

ನಾಲ್ಕನೇ ದಿನ ಸ್ಟ್ರೀಕ್ ಮುರಿದಿತ್ತು. ಅವಳು ಹೇಳಲಿಲ್ಲ. ಕದ್ದು ನೋಡಿದವಳು ನಾನೇ.

ವಾಪಸ್ ಬಂದ ಮೇಲೆ ಅವಳು ಆ್ಯಪನ್ನು ಅಪರೂಪಕ್ಕೆ ತೆಗೀತಾಳೆ, ಒತ್ತಕ್ಷರ ಮರೆತಾಗ. ಭಾನುವಾರ ನಮಗೆ ಸಂಜೆ ಏಳೂವರೆ, ಅಜ್ಜಿಗೆ ಮಧ್ಯಾಹ್ನ ಎರಡು ಗಂಟೆ. ಎರಡು ಕಡೆ ಎರಡು ಮಣೆ, ನಡುವೆ ವಿಡಿಯೊ ಕಾಲ್. ಕವಡೆ ಕ್ಯಾಮೆರಾ ಮುಂದೆಯೇ ಹಾಕಬೇಕು ಅನ್ನೋದು ಮಗಳ ಹೊಸ ನಿಯಮ. ಯಾಕೆಂದರೆ ಅಜ್ಜಿಗೆ ಪ್ರತೀ ಸಲ ಬಾರ ಬೀಳ್ತಿತ್ತು.