ಮರುಭೂಮಿಯ ಸಂಚಾರ ಮತ್ತು ಅನರ್ಥದಂಡ

ಮನೆಯನ್ನೇ ಚಕ್ರದ ಮೇಲೆ ಕೂರಿಸಿಕೊಂಡು ಮರುಭೂಮಿಗಳನ್ನು ಸುತ್ತುವ ಪದ್ಧತಿ ಅಮೆರಿಕದಲ್ಲಿ ರೂಢಿಯಲ್ಲಿದೆ. ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವೂ ಅಡಕವಾಗಿರುವ ಕ್ಯಾಂಪರ್ ವ್ಯಾನಿನಲ್ಲಿ ಜನರು ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ, ಜೋಶುವಾ ಟ್ರೀ, ಯೂಟಾದ ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಗಳನ್ನು ನೋಡುತ್ತ ವಾರಗಟ್ಟಲೆ ಸಂಚರಿಸುತ್ತಾರೆ. ಆ ದೇಶದಲ್ಲಿ ನೆಲೆಸಿರುವ ಜೈನ ಕುಟುಂಬಗಳಿಗೂ ಇಂಥ ಪ್ರವಾಸದ ಅವಕಾಶವುಂಟು. ಇದು ಶ್ರಾವಕಧರ್ಮಕ್ಕೆ ಒಪ್ಪುವಂಥದೆ?

ಮೇಲುನೋಟಕ್ಕೆ ಈ ಸಂಚಾರ ಪರಿಗ್ರಹಪರಿಮಾಣದ ಪಾಠಶಾಲೆಯಂತೆ ತೋರುತ್ತದೆ. ವ್ಯಾನಿನಲ್ಲಿ ಹಿಡಿಯುವಷ್ಟೇ ವಸ್ತು, ತುಂಬಿಸಿಕೊಂಡಷ್ಟೇ ನೀರು. ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ನೀರನ್ನಾದರೂ ಒಯ್ಯಬೇಕೆಂದು ಉದ್ಯಾನದವರು ಸೂಚಿಸುತ್ತಾರೆ. ಅಲ್ಲಿ ಪ್ರತಿ ಲೋಟಕ್ಕೂ ಲೆಕ್ಕವಿರುತ್ತದೆ. ಆದರೆ ಜಾಗದ ಕೊರತೆಯಿಂದ ಒದಗಿದ ಮಿತಿ ವ್ರತವಾಗದು. ದೊರೆಯದ್ದನ್ನು ಬಿಡುವುದು ಅನಿವಾರ್ಯತೆ. ದೊರೆಯುವುದನ್ನು ಸಂಕಲ್ಪಪೂರ್ವಕವಾಗಿ ಬಿಡುವುದು ವ್ರತ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳಲ್ಲಿ ಪ್ರಮಾದಚರ್ಯೆಯನ್ನೂ ಎಣಿಸಿದ್ದಾರೆ. ನಿಷ್ಪ್ರಯೋಜನವಾಗಿ ನೆಲ, ನೀರು, ಬೆಂಕಿ, ಗಾಳಿಗಳಿಗೆ ಬಾಧೆ ಕೊಡುವುದು, ಸಸ್ಯಗಳನ್ನು ಕತ್ತರಿಸುವುದು ಮಾತ್ರವಲ್ಲ, ವೃಥಾ ಅಲೆಯುವುದು ಮತ್ತು ಇತರರನ್ನು ಅಲೆಸುವುದು ಸಹ ಅದರೊಳಗೆ ಸೇರಿದೆ. ಇಂಧನ ಉರಿಸುತ್ತ ನೂರಾರು ಮೈಲಿ ಸಾಗುವವರು ಈ ಮಾತನ್ನು ಸುಲಭವಾಗಿ ದಾಟಿಹೋಗುವಂತಿಲ್ಲ.

ಬರಡು ನೆಲದಲ್ಲಿ ಬಾಧೆಗೊಳ್ಳುವ ಜೀವವೆಲ್ಲಿ ಎಂದು ಕೇಳಬಹುದು. ಆರ್ಚಸ್ ಮತ್ತು ಕ್ಯಾನ್ಯನ್‌ಲ್ಯಾಂಡ್ಸ್‌ಗಳಲ್ಲಿ ಮರಳಿನ ಮೇಲೆ ಕಪ್ಪನೆಯ, ಉಬ್ಬುತಗ್ಗಾದ ಪದರವೊಂದು ಕಾಣುತ್ತದೆ. ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಹಾವಸೆಗಳು ಕೂಡಿ ಕಟ್ಟಿದ ಜೀವಂತ ಪದರವದು. ಮರಳಿನ ಕಣಗಳನ್ನು ಹಿಡಿದಿಟ್ಟು ನೆಲವನ್ನು ಗಾಳಿ ಮಳೆಗಳಿಂದ ಕಾಯುತ್ತದೆ; ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ಒಣಗಿರುವಾಗ ಒಂದೇ ಹೆಜ್ಜೆಗೆ ಪುಡಿಯಾಗುತ್ತದೆ. ಮತ್ತೆ ಕೂಡಿಕೊಳ್ಳಲು ದಶಕಗಳೇ ಬೇಕಾಗಬಹುದು. ಇದೇ ಶಾಸ್ತ್ರೋಕ್ತ ಪೃಥ್ವೀಕಾಯವೆಂದು ಸಾಧಿಸಹೊರಡುವುದು ದುಡುಕಾದೀತು. ಆದರೆ ಮುನಿಗಳ ಈರ್ಯಾಸಮಿತಿಯಿಂದ ಶ್ರಾವಕನು ಕಲಿಯಬೇಕಾದುದು ಇಲ್ಲಿ ಕಾಲಡಿಯಲ್ಲೇ ಇದೆ. ಅರಿಯದೆ ಇಟ್ಟ ಹೆಜ್ಜೆ ಅಜ್ಞಾನದ್ದು. ಅರಿತ ಮೇಲೂ ಒಂದು ಛಾಯಾಚಿತ್ರಕ್ಕಾಗಿ ಇಟ್ಟ ಹೆಜ್ಜೆ ಪ್ರಮಾದದ್ದು.

ಡೆತ್ ವ್ಯಾಲಿಯಲ್ಲಿ ರೇಸ್‌ಟ್ರ್ಯಾಕ್ ಎಂಬ ಒಣಗಿದ ಕೆರೆಯಂಗಳವಿದೆ. ಚಳಿಗಾಲದ ತೆಳು ಹಿಮದ ಹಾಳೆಗಳು ಗಾಳಿಗೆ ಸರಿದಾಗ ಕಲ್ಲುಗಳು ಜರುಗಿ ಗೆರೆ ಬರೆಯುವ ಅಪರೂಪದ ನೆಲವದು. 2016ರಲ್ಲಿ ಯಾರೋ ನಿಷೇಧ ಮೀರಿ ಅದರ ಮೇಲೆ ವಾಹನ ಓಡಿಸಿ ಮೈಲಿಗಟ್ಟಲೆ ಗಾಲಿಗುರುತು ಮೂಡಿಸಿದರು. ತಲುಪುವ ಊರಿಲ್ಲ, ಪಡೆಯುವ ಲಾಭವಿಲ್ಲ. ಅನರ್ಥದಂಡವೆಂಬ ಪದಕ್ಕೆ ಬೇರೆ ಟೀಕೆ ಬೇಕಿಲ್ಲ.

ಹಾಗೆಂದು ಪ್ರವಾಸವೆಲ್ಲ ತ್ಯಾಜ್ಯವಲ್ಲ. ಲೋಕಸ್ವರೂಪದ ಚಿಂತನೆ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಒಂದು. ಮಕ್ಕಳ ಮನಸ್ಸು ಅಂಥ ಬಯಲಿನಲ್ಲಿ ಅರಳಬಹುದು. ಆದರೆ ಆ ಹೆಸರಿನಲ್ಲಿ ಯಾವ ಅಲೆದಾಟವನ್ನೂ ಸಮರ್ಥಿಸಿಕೊಳ್ಳಬಹುದಾದ್ದರಿಂದ, ಹೊರಡುವ ಮುನ್ನವೇ ದೇಶವ್ರತದ ರೀತಿಯಲ್ಲಿ ಎಲ್ಲೆ ಕಟ್ಟಿಕೊಳ್ಳುವುದು ಉಚಿತ: ಇಷ್ಟು ದಿನ, ಇಷ್ಟು ದೂರ, ಗುರುತಿಸಿದ ದಾರಿಯಿಂದಾಚೆಗೆ ಗಾಲಿಯೂ ಇಲ್ಲ, ಕಾಲೂ ಇಲ್ಲ. ಕಾಯುವವರಿಲ್ಲದ ಬಯಲಿನಲ್ಲಿಯೂ ಈ ಎಲ್ಲೆ ಉಳಿದರೆ, ಮನೆಗೆ ಮರಳಿ ನಲ್ಲಿ ತಿರುಗಿಸುವಾಗಲೂ ಆ ನೀರಿನ ಅಳತೆ ನೆನಪಿದ್ದರೆ, ಪ್ರವಾಸಕ್ಕೆ ಅರ್ಥವಿತ್ತೆಂದು ಹೇಳಬಹುದು.